ಲಿಮಿಟ್ 2 ಲಕ್ಷ, ಸಿಬಿಲ್ ವರದಿಯಲ್ಲಿ 40 ಸಾವಿರ

ಶಿರಸಿ ಬಸ್ ನಿಲ್ದಾಣದ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ನನ್ನ ಸಿಬಿಲ್ ವರದಿಯ ಪ್ರಿಂಟ್ ತೆಗೆಸಿದೆ. ಯಾವ ಸಾಲ ಮಾಡಿದೆ, ಹೇಗೆ ಕಟ್ಟಿದೆ ಅನ್ನುವ ದಾಖಲೆ ಅದು. ಅದನ್ನು ನೋಡಿ ಹಾಕುವ ಅಂಕವೇ ಸ್ಕೋರ್. ಹನ್ನೊಂದು ಹಾಳೆ. ಮನೆ ಸಾಲಕ್ಕೆ ಆಗಲೇ ಅರ್ಜಿ ಹಾಕಿದ್ದೆ. ‘ಸಾಲ ಆಗ್ತದೆ, ಆದರೆ ಬಡ್ಡಿ ಕಾಲು ಪರ್ಸೆಂಟ್ ಜಾಸ್ತಿ ಬೀಳ್ತದೆ, ನಿಮ್ಮ ಸಿಬಿಲ್ ಸ್ಕೋರ್ ಸ್ವಲ್ಪ ಕೆಳಗಿದೆ’ ಅಂತ ಆ ಬ್ಯಾಂಕಿನವರು ಅಂದಿದ್ದರು. ನಾನು ಒಂದು ಕಂತನ್ನೂ ತಪ್ಪಿಸಿದವನಲ್ಲ. ಕಾರ್ಡಿನ ಬಿಲ್ಲನ್ನು ಕೊನೆಯ ದಿನದವರೆಗೆ ಇಟ್ಟುಕೊಂಡವನೂ ಅಲ್ಲ. ಹಾಗಾದರೆ ಸ್ಕೋರ್ ಕೆಳಗೆ ಬಿದ್ದದ್ದು ಯಾಕೆ?

ಅಂಗಡಿಯವರ ಹತ್ತಿರ ಸ್ಕೇಲ್ ಇಸ್ಕೊಂಡು ಒಂದೊಂದೇ ಸಾಲಿನ ಕೆಳಗೆ ಇಟ್ಟು ಓದುತ್ತಾ ಹೋದೆ. ಏಳನೇ ಹಾಳೆಯಲ್ಲಿ ನನ್ನ ಕ್ರೆಡಿಟ್ ಕಾರ್ಡ್ ಸಿಕ್ಕಿತು. ಕ್ರೆಡಿಟ್ ಲಿಮಿಟ್: 40,000. ಹೈ ಕ್ರೆಡಿಟ್: 71,350. ಕರೆಂಟ್ ಬ್ಯಾಲೆನ್ಸ್: 36,180.

ಲಿಮಿಟ್ 40 ಸಾವಿರ ಇದ್ದದ್ದು ಹೌದು, ಅದು ಮೂರು ವರ್ಷದ ಹಿಂದಿನ ಮಾತು. ಆಮೇಲೆ ಕಾರ್ಡು ಕೊಟ್ಟ ಬ್ಯಾಂಕಿನವರೇ ಕೇಳಿದರು, ನಾನು ಒಪ್ಪಿದೆ, 2 ಲಕ್ಷ ಆಯಿತು. ಬ್ಯಾಂಕಿನ ಆ್ಯಪ್‌ನಲ್ಲಿ 2 ಲಕ್ಷ ಇದೆ. ಪ್ರತಿ ತಿಂಗಳ ಬಿಲ್ಲಿನಲ್ಲೂ 2 ಲಕ್ಷ ಇದೆ. ಆ ಬ್ಯಾಂಕಿನಿಂದ ಸಿಬಿಲ್‌ಗೆ ಹೋಗುವ ಮಾಹಿತಿಯಲ್ಲಿ ಮಾತ್ರ ಹಳೆಯ ಅಂಕಿಯೇ ಕೂತಿತ್ತು.

ಹೈ ಕ್ರೆಡಿಟ್ ಅಂದರೆ ಆ ಕಾರ್ಡಿನಲ್ಲಿ ಇಲ್ಲಿಯವರೆಗೆ ಆದ ಅತಿ ದೊಡ್ಡ ಮೊತ್ತದ ಬಿಲ್. 40 ಸಾವಿರದ ಕಾರ್ಡಿನಲ್ಲಿ 71 ಸಾವಿರದ ಬಿಲ್ ಆಗುವುದು ಹೇಗೆ? ಒಂದು ಸಿದ್ದೆಯಲ್ಲಿ ಎರಡು ಸಿದ್ದೆ ಅಕ್ಕಿ ಹಿಡಿಯಿತು ಅಂದ ಹಾಗಾಯಿತು. ನಡುವೆ ಬ್ಯಾಂಕು ಲಿಮಿಟ್ ಇಳಿಸಿದ್ದರೆ ಹೀಗೆ ಕಾಣಬಹುದು. ನನ್ನದು ಇಳಿದಿರಲಿಲ್ಲ, ಏರಿತ್ತು. ಆ ಮೂರು ಅಂಕಿ ಒಂದರ ಪಕ್ಕ ಒಂದು ಕೂತು ಕೂಗಿ ಹೇಳುತ್ತಿದ್ದವು. ಕಳಿಸಿದವರು ಕೇಳಿಸಿಕೊಂಡಿರಲಿಲ್ಲ. ತೆಗೆದುಕೊಂಡವರೂ ಕೇಳಿಸಿಕೊಂಡಿರಲಿಲ್ಲ.

ಈಗ ಲೆಕ್ಕ ಮಾಡಿ. 36,180 ರೂಪಾಯಿ 2 ಲಕ್ಷದಲ್ಲಿ ಸುಮಾರು ಶೇ. 18. ಅದೇ 36,180 ರೂಪಾಯಿ 40 ಸಾವಿರದಲ್ಲಿ ಶೇ. 90. ನಾನು ಖರ್ಚು ಮಾಡಿದ್ದು ಒಂದೇ ಮೊತ್ತ. ಸರಿ ಅಂಕಿಯಲ್ಲಿ ನೋಡಿದರೆ ನಾನು ಹಿಡಿತದಲ್ಲಿ ಖರ್ಚು ಮಾಡುವವನು. ವರದಿಯ ಅಂಕಿಯಲ್ಲಿ ನೋಡಿದರೆ ಕುತ್ತಿಗೆಯವರೆಗೆ ಸಾಲ ಮಾಡಿಕೊಂಡವನು.

ಕಾಲು ಪರ್ಸೆಂಟ್ ಅಂದರೆ ಏನು ಮಹಾ ಅನ್ನಬೇಡಿ. 20 ವರ್ಷಕ್ಕೆ 30 ಲಕ್ಷ ಸಾಲ ಅಂತ ಇಟ್ಟುಕೊಳ್ಳಿ. ಬಡ್ಡಿ ಶೇ. 8.50 ಇದ್ದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಶೇ. 8.75 ಆದರೆ 26,511. ತಿಂಗಳಿಗೆ 476 ರೂಪಾಯಿ ವ್ಯತ್ಯಾಸ. 240 ಕಂತು ಮುಗಿಯುವ ಹೊತ್ತಿಗೆ 1 ಲಕ್ಷ 14 ಸಾವಿರ. ಯಾರೋ ಒಂದು ಅಂಕಿ ತಿದ್ದದೆ ಬಿಟ್ಟದ್ದಕ್ಕೆ ಇಷ್ಟು ದುಡ್ಡು.

ಮೇಲಿನ ಅಂಕಿ ನಿಮ್ಮದು, ಕೆಳಗಿನದು ಬ್ಯಾಂಕಿನದು

ನಮ್ಮಲ್ಲಿ ಎಲ್ಲರೂ ‘ಸಿಬಿಲ್’ ಅನ್ನುತ್ತೇವೆ. ನಿಜಕ್ಕೂ ನಮ್ಮ ದೇಶದಲ್ಲಿ ಸಾಲದ ದಾಖಲೆ ಇಟ್ಟು ಸ್ಕೋರ್ ಕೊಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಕೆಳಗೆ, ರಿಸರ್ವ್ ಬ್ಯಾಂಕಿನ ಕಣ್ಗಾವಲಿನಲ್ಲಿ ಇವು ನಡೆಯುತ್ತವೆ. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಲೆಕ್ಕದ ಪೂರ್ತಿ ಸೂತ್ರವನ್ನು ಅವರು ಹೊರಗೆ ಬಿಡುವುದಿಲ್ಲ. ಆದರೆ ಏನೇನು ನೋಡುತ್ತಾರೆ ಅನ್ನುವುದು ಗುಟ್ಟೇನಲ್ಲ. ಹೇಳಿದ ದಿನ ಕಟ್ಟಿದ್ದೀರಾ? ಎಷ್ಟು ವರ್ಷದ ವ್ಯವಹಾರ? ಯಾವ ಬಗೆಯ ಸಾಲ? ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ? ಇವುಗಳ ಜೊತೆಗೆ, ಕಾರ್ಡಿನ ಲಿಮಿಟ್‌ನಲ್ಲಿ ಎಷ್ಟು ಪಾಲು ಬಳಸಿದ್ದೀರಿ?

ಈ ಕೊನೆಯ ಪ್ರಶ್ನೆ ಒಂದು ಭಿನ್ನರಾಶಿ. ಮೇಲೆ ಬಾಕಿ, ಕೆಳಗೆ ಲಿಮಿಟ್. ಶೇ. 30ರ ಒಳಗೆ ಇಟ್ಟುಕೊಳ್ಳಿ ಅಂತ ಬ್ಯಾಂಕಿನವರು ಹೇಳುವುದನ್ನು ಕೇಳಿರುತ್ತೀರಿ. ಅದು ಕಾನೂನಲ್ಲ, ರೂಢಿಯ ಮಾತು. ಒಂದೊಂದೇ ಕಾರ್ಡಿಗೂ ಲೆಕ್ಕ ಆಗುತ್ತದೆ, ಎಲ್ಲ ಕಾರ್ಡು ಸೇರಿಸಿಯೂ ಆಗುತ್ತದೆ. ಕಾರ್ಡು ಇಟ್ಟುಕೊಂಡವರಿಗೆ ಸಿಗುವ ಬುದ್ಧಿಮಾತೆಲ್ಲ ಮೇಲಿನ ಅಂಕಿಯ ಬಗ್ಗೆಯೇ. ಕಮ್ಮಿ ಖರ್ಚು ಮಾಡಿ, ಬೇಗ ಕಟ್ಟಿ. ಒಳ್ಳೆಯ ಮಾತೇ. ಆದರೆ ಕೆಳಗಿನ ಅಂಕಿ ನಮ್ಮ ಕೈಯಲ್ಲಿಲ್ಲ. ಅದನ್ನು ಬರೆದು ಕಳಿಸುವುದು ಬ್ಯಾಂಕು. ಏನು ಕಳಿಸಿತು ಅಂತ ನಮಗೆ ತೋರಿಸುವುದೂ ಇಲ್ಲ. ಈ ಲೇಖನ ಬರೆಯಲು ಕೂತದ್ದೇ ಇದನ್ನು ಹೇಳಲಿಕ್ಕೆ.

ಕೆಳಗಿನ ಅಂಕಿ ಕೆಡುವ ಬಗೆ ಬೇರೆ ಬೇರೆ. ನನ್ನದು ಹಳಸಿದ ಲಿಮಿಟ್. ಇನ್ನೊಂದು ಖಾಲಿ ಬಿಟ್ಟ ಲಿಮಿಟ್. ಅದು ಇದಕ್ಕಿಂತ ಕಷ್ಟದ್ದು. ಕೆಳಗೆ ಅಂಕಿಯೇ ಇಲ್ಲದಿದ್ದರೆ ಭಾಗಾಕಾರ ಮಾಡುವುದು ಹೇಗೆ? ಒಂದೋ ಆ ಕಾರ್ಡನ್ನೇ ಲೆಕ್ಕದಿಂದ ಬಿಡಬೇಕು. ಇಲ್ಲವೇ ಹೈ ಕ್ರೆಡಿಟ್ ಅನ್ನು ತಂದು ಲಿಮಿಟ್‌ನ ಜಾಗದಲ್ಲಿ ಕೂರಿಸಬೇಕು. ಎರಡನೆಯದಾದರೆ ಏನಾಗುತ್ತದೆ ನೋಡಿ. ನಿಮ್ಮ ಲಿಮಿಟ್ 3 ಲಕ್ಷ. ನೀವು ಯಾವತ್ತೂ 20 ಸಾವಿರ ದಾಟಿಲ್ಲ. ಈ ತಿಂಗಳು 18 ಸಾವಿರ ಖರ್ಚು. ನಿಜವಾಗಿ ಬಳಸಿದ್ದು ಶೇ. 6. ಲೆಕ್ಕದಲ್ಲಿ ಬರುವುದು ಶೇ. 90. ಕೈ ಬಿಗಿ ಹಿಡಿದು ಖರ್ಚು ಮಾಡುವವರಿಗೇ ಪೆಟ್ಟು ಜೋರು.

ಇದು ಅಮೆರಿಕದಲ್ಲಿ ದೊಡ್ಡ ತಕರಾರಾಗಿತ್ತು. ಅಲ್ಲಿನ ಫೈಕೊ ಸ್ಕೋರಿನಲ್ಲಿ ಶೇ. 30ರಷ್ಟು ತೂಕ ‘ಎಷ್ಟು ಬಾಕಿ ಇದೆ’ ಅನ್ನುವುದಕ್ಕೇ. ಅಲ್ಲಿಯ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕ್ರೆಡಿಟ್ ವರದಿಗಳ ಒಂದು ದೊಡ್ಡ ಮಾದರಿ ತೆಗೆದು ನೋಡಿದ್ದರು. ಸುಮಾರು ಶೇ. 70 ಗ್ರಾಹಕರ ಕನಿಷ್ಠ ಒಂದು ಖಾತೆಯಲ್ಲಿ ಲಿಮಿಟ್ ಖಾಲಿ ಇತ್ತು. ಕ್ಯಾಪಿಟಲ್ ಒನ್ ಅನ್ನುವ ದೊಡ್ಡ ಕಾರ್ಡ್ ಕಂಪನಿ ಲಿಮಿಟ್ ವರದಿ ಮಾಡಲು ಶುರು ಮಾಡಿದ್ದು 2007ರಲ್ಲಿ. ಕಂಪನಿಗಳು ಲಿಮಿಟ್ ಮುಚ್ಚಿಡುವುದರ ಹಿಂದೆ ವ್ಯಾಪಾರದ ಕಾರಣ ಇರುತ್ತದೆ. ಒಳ್ಳೆಯ ಗಿರಾಕಿ ಯಾರು, ಅವರಿಗೆ ಎಷ್ಟು ಕೊಟ್ಟಿದ್ದಾರೆ ಅಂತ ಎದುರಾಳಿಗೆ ತಿಳಿದರೆ ಗಿರಾಕಿ ಕೈತಪ್ಪಬಹುದು. ಅವರ ಈ ಜಾಗ್ರತೆಯ ಖರ್ಚು ಬಿದ್ದದ್ದು ಗಿರಾಕಿಯ ಸ್ಕೋರಿನ ಮೇಲೆ.

ನಮ್ಮ ದೇಶದ ವರದಿಯಲ್ಲಿ ಲಿಮಿಟ್‌ಗೆ, ಹೈ ಕ್ರೆಡಿಟ್‌ಗೆ, ಬಾಕಿಗೆ ಬೇರೆ ಬೇರೆ ಜಾಗ ಇದೆ. ಜಾಗ ಇದ್ದ ಮಾತ್ರಕ್ಕೆ ಸರಿಯಾದ ಅಂಕಿ ಬಂದು ಕೂರುತ್ತದೆ ಅಂತಲ್ಲ. ನನ್ನ ಏಳನೇ ಹಾಳೆಯೇ ಸಾಕ್ಷಿ.

ಬೈತಕೋಲದ ಜುಲೈ ತಿಂಗಳು

ಈ ಲೆಕ್ಕ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇನ್ನೊಂದು ಕಡೆಯಿಂದಲೂ ಹೊಡೆಯುತ್ತದೆ. ತಿಂಗಳ ಸಂಬಳದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಕೈಗಾದಲ್ಲಿ ಕೆಲಸ ಮಾಡುವವರಿಗೆ, ನೌಕಾನೆಲೆಯಲ್ಲಿ ಇರುವವರಿಗೆ ಹೊಂದುತ್ತದೆ. ತಿಂಗಳಿಗೊಮ್ಮೆ ದುಡ್ಡು ಬರುತ್ತದೆ, ತಿಂಗಳಿಗೊಮ್ಮೆ ಬಿಲ್ ಹೋಗುತ್ತದೆ. ಕಡಲಿನವರದ್ದು, ತೋಟದವರದ್ದು ಹಾಗಲ್ಲ.

ಕಾರವಾರದ ಬೈತಕೋಲ ಬಂದರಿನಲ್ಲಿ ಬೋಟ್ ಇಟ್ಟುಕೊಂಡಿರುವ ನನ್ನ ಪರಿಚಯದವರೊಬ್ಬರಿದ್ದಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಆದಾಯ ಸೊನ್ನೆ. ಖರ್ಚು ಮಾತ್ರ ಆ ಹೊತ್ತಿಗೇ ಜೋರು. ಬೋಟ್ ಮೇಲಕ್ಕೆ ಎಳೆಸಬೇಕು, ಮರಗೆಲಸ ಆಗಬೇಕು, ಬಣ್ಣ ಬಳಿಯಬೇಕು, ಬಲೆ ರಿಪೇರಿ ಆಗಬೇಕು, ಎಂಜಿನ್ ಬಿಚ್ಚಬೇಕು. ಜುಲೈ ಕೊನೆಯ ವಾರದಲ್ಲಿ ಅವರು ಕಾರ್ಡಿನ ಮೇಲೆ 84 ಸಾವಿರ ಬಳಸಿದರು. ಲಿಮಿಟ್ 1 ಲಕ್ಷ. ಆಗಸ್ಟ್‌ನಲ್ಲಿ ಬೋಟ್ ಇಳಿಯಿತು, ಮೀನು ಬಂತು, ಬಿಲ್ ಪೂರ್ತಿ ಕಟ್ಟಿದರು. ಒಂದು ದಿನವೂ ತಡ ಆಗಲಿಲ್ಲ. ಆದರೆ ಆಗಸ್ಟ್ ಎರಡನೇ ವಾರ ಮೀನು ಸಾಗಿಸುವ ಗಾಡಿಗೆ ಸಾಲ ಕೇಳಲು ಹೋದರೆ ಅಲ್ಲಿ ಕಂಡದ್ದು ಜುಲೈ 31ರ ಚಿತ್ರ. ಶೇ. 84.

ತೋಟದವರದ್ದು ಇದೇ ಕಥೆ, ತಿಂಗಳು ಬೇರೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮರ ಹತ್ತುವ ಕೊನೆಗೌಡರಿಗೆ ಮಜೂರಿ ಕೊಡಬೇಕು. ಅಡಿಕೆ ಸುಲಿದು, ಒಣಗಿಸಿ, ಶಿರಸಿಯ ಯಾರ್ಡಿಗೆ ಹೋಗಿ ದುಡ್ಡಾಗುವುದು ತಿಂಗಳುಗಟ್ಟಲೆ ಆದ ಮೇಲೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡುವವರಾದರೆ ಇನ್ನೂ ತಡ. ಅಡಿಕೆ ವ್ಯಾಪಾರದ ವಖಾರಿಯವರಿಗೆ ಇದು ಗೊತ್ತು. ಮೂರು ತಲೆಮಾರಿನಿಂದ ಮುಂಗಡ ಕೊಟ್ಟು ವಸೂಲು ಮಾಡಿದ ಕೈ ಅವರದ್ದು. ‘ಅವರ ಮನೆಯದ್ದು ಏನೂ ತೊಂದರೆ ಇಲ್ಲ, ಕೊಡಿ’ ಅಂದರೆ ಮುಗಿಯಿತು. ಆ ಮುಂಗಡ, ಆ ಉದ್ರಿ, ಅದನ್ನು ಸರಿಯಾಗಿ ತೀರಿಸಿದ ಒಳ್ಳೆಯ ಹೆಸರು ಯಾವುದೂ ಕ್ರೆಡಿಟ್ ವರದಿಯಲ್ಲಿ ಬರುವುದಿಲ್ಲ. ಬರುವುದು ಕಾರ್ಡಿನ ಒಂದು ದಿನದ ಬಾಕಿ.

ಆ ಒಂದು ದಿನ ಯಾವುದು? 2025ರ ಜನವರಿ 1ರಿಂದ ರಿಸರ್ವ್ ಬ್ಯಾಂಕು ಹದಿನೈದು ದಿನಕ್ಕೊಮ್ಮೆ ವರದಿ ಮಾಡುವುದನ್ನು ಕಡ್ಡಾಯ ಮಾಡಿತು. ತಿಂಗಳ 15ನೇ ತಾರೀಕಿನ ಲೆಕ್ಕ ಒಂದು, ಕೊನೆಯ ದಿನದ ಲೆಕ್ಕ ಇನ್ನೊಂದು. ಅದಾದ ಏಳು ದಿನದೊಳಗೆ ಬ್ಯಾಂಕು ಮಾಹಿತಿ ಕಳಿಸಬೇಕು. ಮೊದಲು ತಿಂಗಳಿಗೊಮ್ಮೆ ಇತ್ತು. ಈ ಬದಲಾವಣೆ ನಮ್ಮಂಥವರಿಗೆ ಒಳ್ಳೆಯದೇ. ಆಗಸ್ಟ್ 10ಕ್ಕೆ ಬೋಟಿನವರು ಕಟ್ಟಿದ್ದು 15ರ ಲೆಕ್ಕದಲ್ಲಿ ಸೇರುತ್ತದೆ. ಸೆಪ್ಟೆಂಬರ್‌ವರೆಗೆ ಕಾಯಬೇಕಾಗಿಲ್ಲ. ಹಾಗಾಗಿ ಸಾಲಕ್ಕೆ ಅರ್ಜಿ ಹಾಕುವ ವಿಚಾರ ಇದ್ದರೆ, ಹಿಂದಿನ ತಿಂಗಳು ಬಿಲ್ ತಯಾರಾಗುವ ತಾರೀಕಿಗೆ ಮೊದಲೇ ಒಂದಷ್ಟು ಕಟ್ಟಿ. 15 ಮತ್ತು ತಿಂಗಳ ಕೊನೆ ಬರುವ ಮೊದಲು ಬಾಕಿ ಇಳಿಸಿ. ‘ಕೊನೆಯ ದಿನಾಂಕದೊಳಗೆ ಕಟ್ಟಿದ್ದೇನಲ್ಲ’ ಅನ್ನುವುದು ದಂಡ, ಬಡ್ಡಿ ತಪ್ಪಿಸಲು ಸಾಕು. ಈ ಭಿನ್ನರಾಶಿಗೆ ಸಾಕಾಗುವುದಿಲ್ಲ. ಬಿಲ್ ಆದ ಮೊತ್ತವೇ ಬಾಕಿ ಅಂತ ಹೋದರೆ, ಆಮೇಲೆ ನೀವು ಕಟ್ಟಿದ್ದು ಮುಂದಿನ ಸಲಕ್ಕೆ ಮಾತ್ರ ಕಾಣುತ್ತದೆ.

ಇದರಲ್ಲಿ ಒಂದು ಸಮಾಧಾನ ಇದೆ. ಕಂತು ತಪ್ಪಿಸಿದರೆ ಆ ಕಲೆ ವರ್ಷಗಟ್ಟಲೆ ಉಳಿಯುತ್ತದೆ. ಲಿಮಿಟ್ ಜಾಸ್ತಿ ಬಳಸಿದ್ದರ ಪೆಟ್ಟು ಹಾಗಲ್ಲ. ಬಾಕಿ ಇಳಿದ ಮಾಹಿತಿ ಹೋದ ಹಾಗೆ ಸ್ಕೋರ್ ಮೇಲೆ ಬರುತ್ತದೆ. ಆದರೆ ಲಿಮಿಟ್ ತಪ್ಪಾಗಿ ಕೂತಿದ್ದರೆ ಅದು ತನ್ನಷ್ಟಕ್ಕೆ ವಾಸಿ ಆಗುವುದಿಲ್ಲ. ಪ್ರತಿ ಹದಿನೈದು ದಿನಕ್ಕೂ ಅದೇ ತಪ್ಪು ಮತ್ತೆ ಹೋಗುತ್ತಿರುತ್ತದೆ.

ಸಣ್ಣ ಲಿಮಿಟ್‌ನವರ ಬಗ್ಗೆಯೂ ಹೇಳಬೇಕು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಕುಮಟಾದಲ್ಲಿ ಚಾ ಕುಡಿದು, ಅಂಕೋಲಾದಲ್ಲಿ ಪೆಟ್ರೋಲ್ ಹಾಕಿಸಿ, ಕ್ಯೂಆರ್ ಸ್ಕ್ಯಾನ್ ಮಾಡಿದರೆ ಅದು ಕಾರ್ಡಿನ ಬಾಕಿ ಆಗುತ್ತದೆ. ಡಿಗ್ರಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಎಫ್‌ಡಿ ಇಟ್ಟು 20 ಸಾವಿರ, 25 ಸಾವಿರ ಲಿಮಿಟ್‌ನ ಕಾರ್ಡು ತೆಗೆದುಕೊಳ್ಳುತ್ತಾರೆ. ಸ್ಕೋರ್ ಬೆಳೆಸಲು ಒಳ್ಳೆಯ ದಾರಿಯೇ. ಆದರೆ 20 ಸಾವಿರದ ಲಿಮಿಟ್‌ನಲ್ಲಿ 6 ಸಾವಿರ ದಾಟಿದರೆ ಆಗಲೇ ಶೇ. 30. ಒಂದು ಮೊಬೈಲ್ ಫೋನನ್ನು ಕಾರ್ಡಿನ ಇಎಂಐಗೆ ಹಾಕಿದರೆ ಅಷ್ಟೂ ಮೊತ್ತದ ಲಿಮಿಟ್ ಒಂದೇ ಸಲಕ್ಕೆ ಹಿಡಿದುಹೋಗುತ್ತದೆ.

ಬಳಸದ ಹಳೆಯ ಕಾರ್ಡನ್ನು ಸಾಲಕ್ಕೆ ಅರ್ಜಿ ಹಾಕುವ ಮೊದಲು ಮುಚ್ಚುವವರೂ ಇದ್ದಾರೆ. ಸ್ವಚ್ಛ ಕಾಣಲಿ ಅಂತ. ತಡೆಯಿರಿ. ಎರಡು ಕಾರ್ಡು ಸೇರಿ 2 ಲಕ್ಷ ಲಿಮಿಟ್, ಬಾಕಿ 40 ಸಾವಿರ ಇದ್ದರೆ ಶೇ. 20. ಒಂದು ಲಕ್ಷದ ಕಾರ್ಡು ಮುಚ್ಚಿದ ಕೂಡಲೇ ಅದೇ ಬಾಕಿ ಶೇ. 40. ವಾರ್ಷಿಕ ಶುಲ್ಕ ಭಾರ ಆಗುತ್ತಿದ್ದರೆ ಮುಚ್ಚಿ, ತಪ್ಪಿಲ್ಲ. ಸಾಲ ಆದ ಮೇಲೆ ಮುಚ್ಚಿ.

ತಿದ್ದಿಸುವುದು ಹೇಗೆ

ನಾನು ಮೊದಲು ಬ್ಯಾಂಕಿನ ಶಾಖೆಗೆ ಹೋದೆ. ‘ಕಾರ್ಡಿನದ್ದೆಲ್ಲ ಮೇಲಿಂದ ಬರ್ತದೆ, ನಮ್ಮ ಕೈಲಿಲ್ಲ’ ಅಂದರು. ಪಾಪ, ಅವರ ಮಾತು ಸುಳ್ಳಲ್ಲ. ಆದರೆ ಬಾಯಿಮಾತಿನಲ್ಲಿ ಹೇಳಿ ಬಂದರೆ ದಿನ ಎಣಿಸುವುದು ಎಲ್ಲಿಂದ? ಬರವಣಿಗೆಯಲ್ಲೇ ದೂರು ಕೊಡಬೇಕು. ಬ್ಯಾಂಕಿಗಾದರೂ ಕೊಡಬಹುದು, ಸಿಬಿಲ್‌ನಂಥ ಕಂಪನಿಗೇ ನೇರವಾಗಿಯೂ ಕೊಡಬಹುದು. ದೂರಿನ ನಂಬರ್ ಬರೆದಿಟ್ಟುಕೊಳ್ಳಬೇಕು.

ಆ ದಿನದಿಂದ 30 ದಿನದೊಳಗೆ ಸರಿಪಡಿಸದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ್ದು, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರೊಳಗೆ ಬ್ಯಾಂಕಿನ ಪಾಲಿಗೆ 21 ದಿನ. ಅಷ್ಟರಲ್ಲಿ ಅದು ತಿದ್ದಿದ ಮಾಹಿತಿ ಕಳಿಸಬೇಕು. ಕಳಿಸದಿದ್ದರೆ ಪರಿಹಾರ ಬ್ಯಾಂಕಿನ ತಲೆಗೆ. ಕಳಿಸಿದ ಮೇಲೂ ಕಂಪನಿ ತಡ ಮಾಡಿದರೆ ಕಂಪನಿಯ ತಲೆಗೆ. ತಿದ್ದುವುದಿಲ್ಲ ಅಂದರೆ ಯಾಕೆ ಅಂತ ಕಾರಣ ಹೇಳಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ‘ನನ್ನ ಸ್ಕೋರ್ ಕಮ್ಮಿ ಬಂದಿದೆ, ಜಾಸ್ತಿ ಮಾಡಿ’ ಅಂತ ಬರೆಯಬೇಡಿ. ಸ್ಕೋರ್ ಲೆಕ್ಕ ಹಾಕುವ ಬಗೆಯ ತಕರಾರು ಈ ಪರಿಹಾರದ ನಿಯಮದಲ್ಲಿ ಬರುವುದಿಲ್ಲ. ‘ಈ ಖಾತೆಯ ಕ್ರೆಡಿಟ್ ಲಿಮಿಟ್ 40,000 ಅಂತ ವರದಿ ಆಗಿದೆ, ನಿಜವಾದದ್ದು 2,00,000, ಬಿಲ್ ಲಗತ್ತಿಸಿದ್ದೇನೆ’ ಅಂತ ಬರೆಯಿರಿ. ತಪ್ಪು ಮಾಹಿತಿಯ ದೂರು ಅದು. ಅದಕ್ಕೆ ಉತ್ತರ ಕೊಡಲೇಬೇಕು. ನಾನು ಮೊದಲ ಪತ್ರದಲ್ಲಿ ಸ್ಕೋರಿನ ಬಗ್ಗೆಯೇ ಬರೆದಿದ್ದೆ, ಸೂತ್ರ ನಮ್ಮದು ಅನ್ನುವ ಅರ್ಥದ ನಾಲ್ಕು ಸಾಲು ವಾಪಸ್ ಬಂತು. ಎರಡನೆಯದರಲ್ಲಿ ಬಿಲ್ ಲಗತ್ತಿಸಿ, ಮೂರು ಅಂಕಿ ಬರೆದು, ಲಿಮಿಟ್ ತಿದ್ದಿ ಅಂದೆ. ಅಷ್ಟೇ ಬೇಕಾಗಿತ್ತು.

30 ದಿನ ಕಳೆದರೂ ಸರಿ ಆಗದಿದ್ದರೆ ದೂರು ಕೇಳಿ ತೀರ್ಮಾನ ಮಾಡಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳ ಮೇಲೂ ಅಲ್ಲಿ ದೂರು ಕೊಡಬಹುದು. ಖರ್ಚಿಲ್ಲ. ಹೇಗೆ ಕೊಡುವುದು ಅಂತ ಕೇಳಲು 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ವರದಿ ತೆಗೆಯುವುದಕ್ಕೂ ದುಡ್ಡು ಕೊಡಬೇಕಾಗಿಲ್ಲ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಸ್ಕೋರ್ ಸಮೇತ ಪುಕ್ಕಟೆ ಕೊಡಬೇಕು ಅನ್ನುವ ನಿಯಮ 2017ರಿಂದ ಇದೆ. ಮೂರು ತಿಂಗಳಿಗೆ ಒಂದು ಕಂಪನಿಯದ್ದು ಅಂತ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ. ನಮ್ಮ ವರದಿ ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಆ ಹೆದರಿಕೆ ಊರಲ್ಲಿ ತುಂಬಾ ಜನರಿಗೆ ಇದೆ, ಬಿಟ್ಟುಬಿಡಿ. ನೋಡುವಾಗ ಮೊದಲ ಪುಟದ ದೊಡ್ಡ ಅಂಕಿಯಲ್ಲೇ ನಿಲ್ಲಬೇಡಿ. ಕಾರ್ಡಿನ ಸಾಲಿಗೆ ಹೋಗಿ, ಲಿಮಿಟ್ ಅನ್ನು ನಿಮ್ಮ ಬಿಲ್ಲಿನ ಜೊತೆ ಹೋಲಿಸಿ. ಒಂದೇ ಬ್ಯಾಂಕಿನ ಎರಡು ಕಾರ್ಡಿಗೆ ಒಂದೇ ಲಿಮಿಟ್ ಹಂಚಿದ್ದರೆ ಎರಡೂ ಸಾಲು ನೋಡಿ. ಲಿಮಿಟ್ ಇಳಿದಿದ್ದರೆ ಬ್ಯಾಂಕು ನಿಮಗೆ ತಿಳಿಸಿತ್ತಾ ಅಂತ ನೆನಪು ಮಾಡಿಕೊಳ್ಳಿ. ಏರಿಸಲು ನಿಮ್ಮ ಒಪ್ಪಿಗೆ ಬೇಕು, ಇಳಿಸಿದರೆ ತಿಳಿಸಬೇಕು ಅಂತ 2022ರ ಕಾರ್ಡ್ ನಿಯಮದಲ್ಲೇ ಇದೆ.

ಇಷ್ಟೆಲ್ಲ ನಾವು ಮಾಡಬಹುದು. ಆದರೆ ಇದು ನಮ್ಮ ತಲೆಗೇ ಯಾಕೆ ಬೀಳಬೇಕು? ನನಗೆ ಅನ್ನಿಸುವುದು ಇಷ್ಟು. ಪ್ರತಿ ತಿಂಗಳ ಬಿಲ್ಲಿನ ಕೆಳಗೆ ‘ನಿಮ್ಮ ಬಗ್ಗೆ ಈ ಲಿಮಿಟ್, ಈ ಬಾಕಿ ವರದಿ ಮಾಡಿದ್ದೇವೆ’ ಅಂತ ಬ್ಯಾಂಕು ಒಂದು ಸಾಲು ಹಾಕಬೇಕು. ಅಂಕಿ ಹೇಗೂ ಅವರ ಹತ್ತಿರ ಇದೆ. ಇನ್ನು, ಹೈ ಕ್ರೆಡಿಟ್ ಲಿಮಿಟ್‌ಗಿಂತ ದೊಡ್ಡದಾಗಿ ಬಂದರೆ, ಲಿಮಿಟ್ ಖಾಲಿ ಬಂದರೆ, ಕಂಪನಿ ಅದನ್ನು ಸುಮ್ಮನೆ ಒಳಗೆ ಹಾಕಿಕೊಳ್ಳಬಾರದು. ಬ್ಯಾಂಕಿಗೆ ವಾಪಸ್ ಕಳಿಸಿ ಕೇಳಬೇಕು. ಅಡಿಕೆ ಯಾರ್ಡಿನಲ್ಲಿ ಚೀಲದ ತೂಕ ಹೆಚ್ಚುಕಮ್ಮಿ ಕಂಡರೆ ಹಮಾಲರೇ ನಿಲ್ಲಿಸಿ ಇನ್ನೊಮ್ಮೆ ತೂಗಿಸುತ್ತಾರೆ. ಒಬ್ಬರ ಮನೆ ಸಾಲ ನಿಂತಿರುವ ಅಂಕಿಗೆ ಅಷ್ಟಾದರೂ ಜಾಗ್ರತೆ ಬೇಡವಾ?

ನನ್ನ ದೂರಿಗೆ 19ನೇ ದಿನ ಉತ್ತರ ಬಂತು. ಹೊಸ ವರದಿಯಲ್ಲಿ ಆ ಸಾಲು ಹೀಗಿದೆ: ಲಿಮಿಟ್ 2,00,000, ಹೈ ಕ್ರೆಡಿಟ್ 71,350, ಬಾಕಿ 22,400. ಅದರ ಪ್ರಿಂಟ್ ತೆಗೆಸಿ ಮನೆ ಸಾಲದ ಬ್ಯಾಂಕಿಗೆ ಕೊಟ್ಟೆ. ಸಾಲದ ಮಂಜೂರಾತಿ ಪತ್ರಕ್ಕೆ ನಾನಿನ್ನೂ ಸಹಿ ಹಾಕಿರಲಿಲ್ಲ. ಫೈಲ್ ಮತ್ತೊಮ್ಮೆ ಮೇಲೆ ಹೋಯಿತು. ಕಾಲು ಪರ್ಸೆಂಟ್ ಬಿಟ್ಟರು. ಬೋಟಿನ ಪರಿಚಯದವರು ಗಾಡಿ ಸಾಲದ ಅರ್ಜಿಯನ್ನು ಸೆಪ್ಟೆಂಬರ್ ಮೊದಲ ವಾರಕ್ಕೆ ಮುಂದೆ ಹಾಕಿದ್ದಾರೆ. ಆಗಸ್ಟ್ 15ರ ಲೆಕ್ಕ ವರದಿಯಲ್ಲಿ ಕೂತಿದೆಯಾ ಅಂತ ನೋಡಿಕೊಂಡೇ ಹೋಗುತ್ತೇನೆ ಅಂದಿದ್ದಾರೆ.